ಸರ್ಕಾರಿ ಡಿಗ್ರಿ ಕಾಲೇಜಲ್ಲಿದ್ಕೊಂಡು ರಿಸರ್ಚ್ ಗ್ರಾಂಟ್‌ಗೆ ಅರ್ಜಿ ಹಾಕೋದು ಹೇಗೆ? ಗೊತ್ತಿರೋರು ಹೇಳಿ

ದುರ್ಗದ_ಕೆಮಿಸ್ಟ್ರಿ:

ಎಲ್ರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಕೆಮಿಸ್ಟ್ರಿ ಅಸಿಸ್ಟೆಂಟ್ ಪ್ರೊಫೆಸರ್. ಪಿಎಚ್‌ಡಿ ಆಗಿದೆ, ನಾಲ್ಕೈದು ಪೇಪರ್ ಇದೆ. ವಾರಕ್ಕೆ 16 ಗಂಟೆ ಕ್ಲಾಸು, ಅದರ ಮೇಲೆ ನ್ಯಾಕು (ಕಾಲೇಜಿನ ಗುಣಮಟ್ಟದ ತಪಾಸಣೆ), ಎನ್ನೆಸ್ಸೆಸ್ಸು, ಪರೀಕ್ಷೆ ಕೆಲಸ, ಎಲ್ಲಾ ಇದ್ದದ್ದೇ. ಆದ್ರೂ ಕೆಲಸಕ್ಕೆ ಸೇರಿದ ಮೇಲೆ ಲ್ಯಾಬ್ ಕಡೆ ಹೋಗೋದೇ ಕಮ್ಮಿ ಆಗಿದೆ ಅನ್ನೋದು ಮನಸ್ಸಿಗೆ ತುಂಬಾ ಹಿಂಸೆ.

ವಿಷಯ ಏನಂದ್ರೆ, ಚಳ್ಳಕೆರೆ ಮೊಳಕಾಲ್ಮೂರು ಕಡೆ, ಆ ಕಡೆ ಪಾವಗಡದಲ್ಲೂ, ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ನಿಮಗೆಲ್ಲಾ ಗೊತ್ತು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲ ಅಂದ್ರೆ 1.5ರ ತನಕ. ಈಗ ಹಳ್ಳಿ ಹಳ್ಳಿಗೂ ಶುದ್ಧ ಕುಡಿಯೋ ನೀರಿನ ಘಟಕ ಬಂದಿದೆ, ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಹೋಗ್ತಾರೆ, ಒಳ್ಳೇದೇ. ಆದ್ರೆ ಆ ಆರ್‌ಒ ಮೆಷಿನ್ನಿಂದ ಹಿಂದ್ಗಡೆ ಪೈಪಲ್ಲಿ ಹೊರಗೆ ಬರೋ ನೀರು ಎಷ್ಟೋ ಕಡೆ ಪಕ್ಕದ ಚರಂಡಿಗೋ ಗುಂಡಿಗೋ ಹೋಗ್ತಿರುತ್ತೆ, ನಮ್ಮ ಹುಡುಗರ ಜೊತೆ ಎನ್ನೆಸ್ಸೆಸ್ ಕ್ಯಾಂಪಿಗೆ ಹೋದಾಗ ನೋಡಿದ್ದು. ಮಳೆಗೆ ಮುಂಚೆ, ಮಳೆ ಆದ್ಮೇಲೆ ಬೋರ್‌ಗಳ ಫ್ಲೋರೈಡ್ ಅಳೆದು, ಈ ವೇಸ್ಟ್ ನೀರನ್ನೂ ಸೇರಿಸಿ ಒಂದು ಪ್ರಾಜೆಕ್ಟ್ ಮಾಡ್ಬೇಕು ಅಂತ ಆಸೆ.

ಯುಜಿ ಕಾಲೇಜಿನವರ ಪ್ರಪೋಸಲ್ಲನ್ನ ಗ್ರಾಂಟ್ ಕೊಡೋರು ನೋಡ್ತಾರಾ? ಮೊದಲಿದ್ದ ಯುಜಿಸಿ ಮೈನರ್ ಪ್ರಾಜೆಕ್ಟ್ ಈಗ ಇಲ್ವಂತೆ, ಹೌದಾ? ಎಲ್ಲಿಂದ ಶುರು ಮಾಡ್ಬೇಕು? ಪ್ರಿನ್ಸಿಪಾಲ್ರು ಒಳ್ಳೆಯವರೇ, ಆದ್ರೆ "ಹೊರಗಿನ ದುಡ್ಡು ಬಂದ್ರೆ ಆಡಿಟ್ ಅಬ್ಜೆಕ್ಷನ್ ಯಾರು ನೋಡ್ಕೊಳ್ತಾರೆ" ಅಂತ ಹಿಂದೆಮುಂದೆ ನೋಡ್ತಿದಾರೆ.

ಧಾರವಾಡ_ಮಾಸ್ತರ:

ನಮಸ್ಕಾರ್ರಿ ಸರ. ನಾ ಯೂನಿವರ್ಸಿಟಿಯಿಂದ ರಿಟೈರ್ ಆದಾಂವ, ಕಮಿಟ್ಯಾಗ ಕುಂತು ಭಾಳ ಪ್ರಪೋಸಲ್ ಓದೀನಿ. ನಿಮ್ಮ ಪ್ರಶ್ನೆದಾಗ ಎರಡು ವಿಷಯ ಅದಾವ. ಬೋರಿನ್ಯಾಗ ಫ್ಲೋರೈಡ್ ಎಷ್ಟೈತಿ ಅಂತ ಅಳಿಯೋದು ಭಾಳ ಮಂದಿ ಮಾಡ್ಯಾರ, ಅದನ್ನಷ್ಟ ಬರದ್ರ ರಿವ್ಯೂ ಮಾಡಾವ್ರು ಇದರಾಗ ಹೊಸಾದೇನೈತಿ ಅಂತ ಕೇಳೇ ಕೇಳ್ತಾರ. ಆರ್‌ಒ ಘಟಕದ ವೇಸ್ಟ್ ನೀರಿನ್ಯಾಗ ಫ್ಲೋರೈಡ್ ಎಷ್ಟು ಪಟ್ಟು ಏರತೈತಿ, ಅದು ತಿರುಗಿ ಅದೇ ಊರಿನ ಬೋರಿಗೆ ಇಳೀತೈತೇನು, ಇದು ಖರೇ ಪ್ರಶ್ನೆ. ಇದನ್ನ ಕಡೀ ಪ್ಯಾರಾದಾಗ ಹಾಕಬ್ಯಾಡ್ರಿ, ಟೈಟಲ್ಲಿಗೇ ತರ್ರಿ.

ಯುಜಿಸಿ ಮೈನರ್ ಹೋತ್ರಿ, 12ನೇ ಪಂಚವಾರ್ಷಿಕ ಯೋಜನೆ ಜೋಡೀನ ಮುಗೀತು. ಬೆಂಗಳೂರಿನ ರೀಜನಲ್ ಆಫೀಸಿಗೆ ಫೈಲ್ ಕಳಿಸಿದ್ರ ಸಣ್ಣ ಕಾಲೇಜಿನವ್ರಿಗೂ ಒಂದಿಷ್ಟು ರೊಕ್ಕ ಸಿಗತಿತ್ತು. ಅದು ನಿಂತಿದ್ದು ಡಿಗ್ರಿ ಕಾಲೇಜಿನವ್ರಿಗೆ ದೊಡ್ಡ ಲುಕ್ಸಾನು, ಯಾಕಂದ್ರ ಮೊದಲನೇ ಗ್ರಾಂಟ್ ಸಣ್ಣದಿದ್ರನ ಕಲಿಯಾಕ ಆಗೋದು. ಯುಜಿಸಿ 2022ರಾಗ ಹೊಸಾ ಸ್ಕೀಮ್ ತಂತು, ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರಗೋಳಿಗೆ ಡಿ.ಎಸ್. ಕೊಠಾರಿ ಹೆಸರಿಂದು, 10 ಲಕ್ಷ, ಎರಡು ವರ್ಷಕ್ಕ. ಸೀಟ್ ಇಡೀ ದೇಶಕ್ಕ ನೂರರ ಲೆಕ್ಕದಾಗ ಅಷ್ಟ, ಆದ್ರೂ ಕಣ್ಣಿಡ್ರಿ.

ಈಗ ದೊಡ್ಡ ಬಾಗಿಲು ಅಂದ್ರ ಎಎನ್‌ಆರ್‌ಎಫ್, ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್. 2023ರ ಕಾಯ್ದೆಯಿಂದ ಬಂತು, ಸಂಶೋಧನೆಗೆ ರೊಕ್ಕ ಕೊಡತಿದ್ದ ಮೊದಲಿನ ಸರ್ಬ್ ಮಂಡಳಿ ಇದರೊಳಗ ಸೇರೇತಿ. ಐದು ವರ್ಷಕ್ಕ 50,000 ಕೋಟಿ ಅಂತ ಹೇಳ್ಯಾರ, ಅದರಾಗ ಭಾಳಷ್ಟು ಖಾಸಗಿಯವ್ರಿಂದ ಬರಬೇಕಾದ್ದು. ಇದರ ಪಿಎಂ ಅರ್ಲಿ ಕರಿಯರ್ ಗ್ರಾಂಟ್ ಮೂರು ವರ್ಷಕ್ಕ 60 ಲಕ್ಷದ ತನಕ ಕೊಡತೈತಿ. ಹಾಕಬ್ಯಾಡ್ರಿ ಅನ್ನಂಗಿಲ್ಲ, ಆದ್ರ ಅಲ್ಲಿ ಐಐಟಿ, ಐಸರ್‌ಗೆ ಹೊಸದಾಗಿ ಸೇರಿದ ಹುಡುಗರೆಲ್ಲಾ ಹಾಕ್ತಾರ. ನಿಮ್ಮಂಥವ್ರಿಗಂತನ ಸರ್ಬ್ ಕಾಲದಾಗ ಎರಡು ಸ್ಕೀಮ್ ಮಾಡಿದ್ರು. ಒಂದು ಟೇರ್, ಕಾಲೇಜಿನ ಮಾಸ್ತರಗೋಳು ದೊಡ್ಡ ಸಂಸ್ಥೆಗೆ ಹೋಗಿ ಸಂಶೋಧನೆ ಮಾಡೋದು. ಇನ್ನೊಂದು ಶೂರ್, ರಾಜ್ಯದ ಯೂನಿವರ್ಸಿಟಿ, ಕಾಲೇಜಿನವ್ರಿಗೆ, ಮೂರು ವರ್ಷಕ್ಕ 30 ಲಕ್ಷದ ತನಕ. ಯಾವ ಕಾಲ್ (ಅರ್ಜಿ ಕರಿಯೋದು) ಯಾವಾಗ ತೆರೀತೈತಿ ಅಂತ ಎಎನ್‌ಆರ್‌ಎಫ್ ಆನ್‌ಲೈನ್ ಪೋರ್ಟಲ್‌ನ್ಯಾಗ ಇವತ್ತ ರಿಜಿಸ್ಟರ್ ಮಾಡಿ ನೋಡಕೋತ ಇರ್ರಿ. ರಾಜ್ಯದ್ದು ವಿಜಿಎಸ್‌ಟಿ (ವಿಜ್ಞಾನ ತಂತ್ರಜ್ಞಾನದ ವಿಷನ್ ಗ್ರೂಪ್) ಐತಿ, ಅದರ ಕೆ-ಫಿಸ್ಟ್ ಸ್ಕೀಮಿನಿಂದ ಎಷ್ಟೋ ಕಾಲೇಜ್ ಲ್ಯಾಬಿಗೆ ಸಾಮಾನು ಬಂದಾವ.

ಇನ್ನ ಬಜೆಟ್. ದಯವಿಟ್ಟು ಐಸಿಪಿ-ಎಂಎಸ್ (ಲೋಹ ಅಳಿಯೋ ತುಟ್ಟಿ ಮೆಷಿನ್) ಕೇಳಬ್ಯಾಡ್ರಿ. ಯುಜಿ ಕಾಲೇಜಿನ್ಯಾಗ ಅದನ್ನ ಇಟ್ರ ಆರ್ಗಾನ್ ಸಿಲಿಂಡರ್ ತರಾಕ, ಎಎಂಸಿ (ವರ್ಷದ ರಿಪೇರಿ ಒಪ್ಪಂದ) ಕಟ್ಟಾಕ ರೊಕ್ಕ ಇರಂಗಿಲ್ಲ ಅಂತ ರಿವ್ಯೂ ಮಾಡಾವ್ರಿಗೆ ಗೊತ್ತಿರತೈತಿ. ನಿಮಗ ಬೇಕಾದ್ದು ಒಂದು ಛಲೋ ಅಯಾನ್ ಮೀಟರ್, ಫ್ಲೋರೈಡ್ ಎಲೆಕ್ಟ್ರೋಡ್, ಟಿಸಾಬ್ ದ್ರಾವಣ, ಪ್ಲಾಸ್ಟಿಕ್ ಬಾಟ್ಲಿ. ಟಿಸಾಬ್ ಯಾಕ ಅಂತ ಎರಡು ಸಾಲು ಬರೀರಿ: ನೀರಿನ್ಯಾಗ ಅಲ್ಯೂಮಿನಿಯಂ, ಕಬ್ಬಿಣ ಇದ್ರ ಫ್ಲೋರೈಡನ್ನ ಹಿಡಕೊಂಡು ಕುಂತಿರತಾವ, ಎಲೆಕ್ಟ್ರೋಡಿಗೆ ಕಾಣಂಗಿಲ್ಲ, ಟಿಸಾಬ್ ಅದನ್ನ ಬಿಡಸತೈತಿ, ಪಿಎಚ್ಚೂ ಒಂದ ಮಟ್ಟಕ್ಕ ನಿಲ್ಲಸತೈತಿ. ಇಷ್ಟು ಬರದಿದ್ರ ಈ ಮನಷ್ಯಾ ಕೈಯಾರೆ ಕೆಲಸ ಮಾಡ್ಯಾನ ಅಂತ ಓದಾವ್ರಿಗೆ ಗೊತ್ತಾಗತೈತಿ. ಗಾಜಿನ ಬಾಟ್ಲ್ಯಾಗ ಸ್ಯಾಂಪಲ್ ಅಂತ ಬರದಿದ್ದ ಪ್ರಪೋಸಲ್ ನೋಡೀನಿ, ಅಲ್ಲೇ ಮಾರ್ಕ್ಸ್ ಹೋಗತಾವ. ಉಳಿದ ಲೋಹಗಳ ಟೆಸ್ಟಿಂಗ್ ಹೊರಗ ಮಾಡಸ್ರಿ. ಐ-ಸ್ಟೆಮ್ ಪೋರ್ಟಲ್‌ನ್ಯಾಗ ದೇಶದಾಗ ಯಾವ ಮೆಷಿನ್ ಎಲ್ಲೈತಿ ಅಂತ ಸಿಗತೈತಿ, ಅಲ್ಲೇ ಸ್ಲಾಟ್ ಬುಕ್ ಮಾಡಬಹುದು. ಆ ಚಾರ್ಜನ್ನ ಬಜೆಟ್ಟಿನ್ಯಾಗ ತೋರಸ್ರಿ.

ಲೆಕ್ಕಪತ್ರ_ಮೈಸೂರು:

ನಾನು ಪ್ರೊಫೆಸರ್ ಅಲ್ಲ, ಪ್ರಾಜೆಕ್ಟ್ ಅಕೌಂಟ್ಸ್ ನೋಡೋ ಸೆಕ್ಷನ್ನಲ್ಲಿ ಕೆಲಸ ಮಾಡ್ತೀನಿ. ನಿಮ್ಮ ಪ್ರಿನ್ಸಿಪಾಲ್ ಸಾಹೇಬ್ರ ಭಯಕ್ಕೆ ಕಾರಣ ಇದೆ ಸರ್, ಅದನ್ನ ಸುಮ್ನೆ ತಳ್ಳಿ ಹಾಕ್ಬೇಡಿ. ಅವರ ಜೊತೆ ಮೊದಲೇ ಕೂತು ಮಾತಾಡಿ, ಗ್ರಾಂಟ್ ಸಿಕ್ಮೇಲೆ ಮಾತಾಡೋದಲ್ಲ.

ಈಗೆಲ್ಲಾ ಕೇಂದ್ರದ ದುಡ್ಡು ಹೆಚ್ಚಾಗಿ ಝೀರೋ ಬ್ಯಾಲೆನ್ಸ್ ಖಾತೆ ಮೂಲಕ. ಅಂದ್ರೆ ಸ್ಯಾಂಕ್ಷನ್ ಆರ್ಡರ್ ಬಂದಿರುತ್ತೆ, ಪಾಸ್‌ಬುಕ್ ಎಂಟ್ರಿ ಮಾಡ್ಸಿದ್ರೆ ಸೊನ್ನೆ ಇರುತ್ತೆ, ದುಡ್ಡೇ ಬಂದಿಲ್ಲ ಅಂತ ಎಲ್ರೂ ಗಾಬರಿ ಆಗ್ತಾರೆ. ಅದು ಹಾಗೇ ಇರೋದು. ನಿಮಗೆ ಒಂದು ಲಿಮಿಟ್ ಕೊಟ್ಟಿರ್ತಾರೆ, ನೀವು ಪಿಎಫ್‌ಎಂಎಸ್‌ (ಕೇಂದ್ರದ ಹಣ ಪಾವತಿ ಪೋರ್ಟಲ್) ನಲ್ಲಿ ಬಿಲ್ ಹಾಕಿ ಮೇಕರ್ ಚೆಕ್ಕರ್ (ಒಬ್ರು ಹಾಕಿ ಇನ್ನೊಬ್ರು ಒಪ್ಪೋದು) ಅಪ್ರೂವಲ್ ಆದ್ಮೇಲೆ ವೆಂಡರ್ ಖಾತೆಗೆ ನೇರ ಹೋಗುತ್ತೆ. ಮಾರ್ಚ್ 31ಕ್ಕೆ ಉಳಿದ ಲಿಮಿಟ್ ಹೋಗ್ಬಿಡುತ್ತೆ, ಮುಂದಿನ ವರ್ಷ ಹೊಸದಾಗಿ ಕೊಡ್ಬೇಕು. ಆದ್ದರಿಂದ ಜನವರಿ ಫೆಬ್ರವರಿಗೆ ಖರೀದಿ ಇಟ್ಕೋಬೇಡಿ, ಸಾಮಾನು ಬರೋದು ತಡ ಆದ್ರೆ ಬಿಲ್ ಪಾಸ್ ಆಗಲ್ಲ. ನಿಮ್ಮ ಕಾಲೇಜಲ್ಲಿ ಪಿಎಫ್‌ಎಂಎಸ್ ಲಾಗಿನ್ ಯಾರ ಹತ್ರ ಇದೆ, ಆಫೀಸಿನ ಯಾವ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು) ನೋಡ್ತಾರೆ ಅಂತ ಈಗ್ಲೇ ತಿಳ್ಕೊಳ್ಳಿ, ಅರ್ಧ ಕಷ್ಟ ಅಲ್ಲೇ ಇರೋದು.

ಕೊಟೇಷನ್ ತಗೊಳ್ಳುವಾಗ ಜಿಎಸ್‌ಟಿ ನೋಡಿ. ಮೊದಲು ಸಂಶೋಧನೆ ಉಪಕರಣಕ್ಕೆ ಸರ್ಟಿಫಿಕೇಟ್ ತೋರ್ಸಿದ್ರೆ 5% ಇತ್ತು, 2022ರ ಜುಲೈಯಲ್ಲಿ ಅದನ್ನ ತೆಗೆದ್ರು, ಈಗ ಸಾಮಾನ್ಯವಾಗಿ 18%. ಹಳೇ ಪ್ರಪೋಸಲ್ ನೋಡ್ಕೊಂಡು ಬಜೆಟ್ ಕಾಪಿ ಮಾಡೋರು 5 ಲಕ್ಷದ ಸಾಮಾನಿಗೆ 5,25,000 ಅಂತ ಹಾಕಿರ್ತಾರೆ, ಬಿಲ್ ಬರೋದು 5,90,000. ಆ 65,000 ಎಲ್ಲಿಂದ ತರೋದು? ಬೇರೆ ಖರ್ಚಿನ ಹೆಡ್‌ನಿಂದ ಬದಲಾಯಿಸೋಕೆ ಮತ್ತೆ ಪರ್ಮಿಷನ್ ಬೇಕು.

ಜೆಆರ್‌ಎಫ್ (ಸಂಬಳದ ಕಿರಿಯ ಸಂಶೋಧಕ) ಕೇಳೋಕ್ ಮುಂಚೆ ಲೆಕ್ಕ ಹಾಕಿ. 2023ರಿಂದ ತಿಂಗಳಿಗೆ 37,000, ವರ್ಷಕ್ಕೆ 4,44,000, ಎಚ್‌ಆರ್‌ಎ ಬೇರೆ. 10 ಲಕ್ಷದ ಗ್ರಾಂಟಲ್ಲಿ ಎರಡು ವರ್ಷ ಒಬ್ರನ್ನ ಇಟ್ಕೊಂಡ್ರೆ ಕೆಮಿಕಲ್ಲಿಗೂ ದುಡ್ಡು ಉಳಿಯಲ್ಲ. ಸಣ್ಣ ಪ್ರಾಜೆಕ್ಟಿಗೆ ಫೀಲ್ಡ್ ಅಸಿಸ್ಟೆಂಟ್ ಅಂತ ಕೆಲವೇ ತಿಂಗಳು ಕೇಳೋದು ವಾಸಿ.

ಇನ್ನೊಂದು ಮುಖ್ಯ ವಿಷಯ, ಖರೀದಿ ನಿಯಮ. 2025ರ ಜೂನಲ್ಲಿ ಕೇಂದ್ರ ಸರ್ಕಾರ ಸಂಶೋಧನೆ ಖರೀದಿಗೆ ನಿಯಮ ಸಡಿಲ ಮಾಡ್ತು, ಕೊಟೇಷನ್ ಇಲ್ದೆ ತಗೊಳ್ಳೋ ಮಿತಿ 1 ಲಕ್ಷದಿಂದ 2 ಲಕ್ಷ ಆಯ್ತು. ಅದು ಕೇಂದ್ರದ ವೈಜ್ಞಾನಿಕ ಇಲಾಖೆಗಳು, ಅವುಗಳ ಸಂಸ್ಥೆಗಳನ್ನ ಮನಸ್ಸಲ್ಲಿಟ್ಕೊಂಡು ಮಾಡಿದ್ದು. ನಿಮ್ಮದು ರಾಜ್ಯ ಸರ್ಕಾರದ ಕಾಲೇಜು, ನಿಮ್ಮ ಆಡಿಟ್‌ನವರು ರಾಜ್ಯದ ಖರೀದಿ ಕಾನೂನು, ಅಂದ್ರೆ ಕೆಟಿಪಿಪಿ ಕಾಯ್ದೆ ಕೇಳ್ತಾರೆ. ಆದ್ದರಿಂದ ಸ್ಯಾಂಕ್ಷನ್ ಆರ್ಡರಲ್ಲಿ ಖರೀದಿ ಬಗ್ಗೆ ಏನು ಬರ್ದಿದೆ ನೋಡಿ, ಮೂರು ಕೊಟೇಷನ್, ಪರ್ಚೇಸ್ ಕಮಿಟಿ ನಡಾವಳಿ, ಸ್ಟಾಕ್ ಬುಕ್ ಎಂಟ್ರಿ, ಇಷ್ಟನ್ನ ಇಟ್ಕೊಂಡ್ರೆ ಯಾರೂ ಏನೂ ಕೇಳಲ್ಲ. ಪ್ರಾಜೆಕ್ಟಿಗೆ ಬೇರೆ ಕ್ಯಾಶ್ ಬುಕ್ ಇರ್ಲಿ, ಕಾಲೇಜಿನ ಖಾತೆಗೆ ಬೆರೆಸ್ಬೇಡಿ. ಯುಸಿ (ದುಡ್ಡು ಬಳಸಿದ್ದಕ್ಕೆ ಪ್ರಮಾಣಪತ್ರ) ಕೊಡೋದು ಜಿಎಫ್‌ಆರ್ 12-ಎ ಫಾರಂನಲ್ಲಿ, ಜೊತೆಗೆ ಎಸ್‌ಇ (ಖರ್ಚಿನ ಪಟ್ಟಿ).

ತುಮಕೂರು_ಇಂಜಿನಿಯರಿಂಗ್:

ದುರ್ಗದ ಸರ್, ನಾನು ಟೇರ್‌ನಲ್ಲಿ ಕೆಲಸ ಮಾಡಿದೀನಿ, ಪ್ರೈವೇಟ್ ಇಂಜಿನಿಯರಿಂಗ್ ಕಾಲೇಜಲ್ಲಿ ಕೆಮಿಸ್ಟ್ರಿನೇ ಹೇಳೋದು. ನಿಮ್ಮ ವಿಷಯಕ್ಕೆ ಟೇರ್ ಹೇಳಿ ಮಾಡ್ಸಿದ ಹಾಗಿದೆ ಅಂತ ನನಗನ್ಸುತ್ತೆ. ನಿಮ್ಮ ಕೆಲಸ ಬಿಡ್ಬೇಕಿಲ್ಲ, ಐಐಎಸ್‌ಸಿ, ಐಐಟಿ, ರಾಷ್ಟ್ರೀಯ ಲ್ಯಾಬ್ ಥರದ ಒಂದು ಸಂಸ್ಥೆಲಿ ಒಬ್ಬ ಮೆಂಟರ್ ಹುಡುಕ್ಕೊಂಡು ವರ್ಷಕ್ಕೆ ಕನಿಷ್ಠ 90 ದಿನ ಅಲ್ಲಿ ಹೋಗಿ ಕೆಲಸ ಮಾಡ್ಬೇಕು, ಮೂರು ವರ್ಷ. ವರ್ಷಕ್ಕೆ 5 ಲಕ್ಷ ರಿಸರ್ಚ್ ಗ್ರಾಂಟು, ಅರ್ಧ ನಿಮ್ಮ ಕಾಲೇಜಿಗೆ ಅರ್ಧ ಹೋಸ್ಟ್ ಸಂಸ್ಥೆಗೆ, ನಿಮಗೆ ವರ್ಷಕ್ಕೆ 60,000 ಫೆಲೋಶಿಪ್. ಇದು ನಾನಿದ್ದಾಗಿನ ಲೆಕ್ಕ, ಹೊಸ ಕಾಲಲ್ಲಿ ಏನಿದೆಯೋ ಅದನ್ನೇ ನಂಬಿ. ಮೊತ್ತ ದೊಡ್ಡದಲ್ಲ, ಆದ್ರೆ ದೊಡ್ಡ ಲ್ಯಾಬಿನ ಮೆಷಿನ್ನು, ಸೆಮಿನಾರು, ಅಲ್ಲಿನ ಪಿಎಚ್‌ಡಿ ಮಕ್ಕಳ ಜೊತೆ ದಿನಾ ಮಾತು, ಇದು ಬರೀ ದುಡ್ಡಿಂದ ಸಿಗಲ್ಲ.

90 ದಿನ ಹೊಂದಿಸೋದೇ ಕಷ್ಟ. ಸೆಮಿಸ್ಟರ್ ರಜೆ, ಶನಿವಾರ, ದಸರಾ ರಜೆ ಎಲ್ಲಾ ಸೇರ್ಸಿ ಮಾಡ್ಕೊಂಡೆ, ಮನೇಲಿ ಅತ್ತೆ ಮಗು ನೋಡ್ಕೊಂಡ್ರು ಅದಕ್ಕೇ ಆಯ್ತು. ನಿಮ್ಮದು ಸರ್ಕಾರಿ ಕಾಲೇಜಾದ್ರಿಂದ ಓಒಡಿ (ಹೊರಗಿದ್ರೂ ಡ್ಯೂಟಿ ಅಂತ ಲೆಕ್ಕ) ಕೊಡ್ತೀವಿ ಅಂತ ಇಲಾಖೆಯಿಂದ ಬರಹದಲ್ಲಿ ತಗೊಳ್ಳಿ, ಪ್ರಿನ್ಸಿಪಾಲ್ರ ಬಾಯಿಮಾತು ಸಾಕಾಗಲ್ಲ, ನಾಳೆ ಅವರೇ ಬದಲಾಗಬಹುದು.

ಮೆಂಟರ್ ಹುಡುಕೋಕೆ ಬೆಂಗಳೂರಿನ ಐಐಎಸ್‌ಸಿ ಸೆಂಟರ್ ಫಾರ್ ಸಸ್ಟೈನಬಲ್ ಟೆಕ್ನಾಲಜೀಸ್ ನೋಡಿ, 1974ರಲ್ಲಿ ಅಸ್ತ್ರ ಅಂತ ಹಳ್ಳಿಗಳಿಗೋಸ್ಕರ ಶುರುವಾದ ಕೇಂದ್ರನೇ ಅದು. ನಿಮ್ಮ ಮಗ್ಗುಲಲ್ಲೇ ಚಳ್ಳಕೆರೆ ಹತ್ರ ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ ಇದೆಯಲ್ಲಾ, ಅಲ್ಲಿ ಸೈನ್ಸ್ ಟೀಚರ್‌ಗಳಿಗೆ ಟ್ರೇನಿಂಗ್ ನಡೆಯುತ್ತೆ, ಒಂದ್ಸಲ ಹೋದ್ರೆ ಪರಿಚಯ ಆಗುತ್ತೆ. ಮೆಂಟರ್‌ಗೆ ಮೇಲ್ ಬರೆಯುವಾಗ ಬಯೋಡೇಟಾ ಒಂದೇ ಕಳಿಸ್ಬೇಡಿ. ನಾಲ್ಕು ಹಳ್ಳಿ ನೀರು ಈಗ್ಲೇ ಅಳೆದು ಒಂದು ಪುಟದ ಡೇಟಾ ಜೊತೆಗಿಟ್ಟು ಕಳಿಸಿ. ನನಗೆ ಉತ್ತರ ಬಂದಿದ್ದು ಹಾಗೆ ಕಳಿಸಿದ ಮೇಲೇನೇ.

ಇತಿಹಾಸ_ವಿಜಯಪುರ:

ನಡುವ ಬಂದೆ, ಕ್ಷಮಿಸ್ರಿ. ಎಲ್ಲಾ ಸೈನ್ಸ್‌ನವ್ರಿಗೇ ಹೇಳಾಕತ್ತೀರಿ, ನಮ್ಮಂಥ ಆರ್ಟ್ಸ್‌ನವ್ರಿಗೆ ಏನೈತ್ರಿ? ನಾನು ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥೆ ಮ್ಯಾಲ ಕೆಲಸ ಮಾಡಬೇಕಂತೀನಿ, ಬಾವಡಿ, ಸುರಂಗ, ಎಲ್ಲಾ.

ಧಾರವಾಡ_ಮಾಸ್ತರ:

ನಿಮಗ ಐಸಿಎಚ್‌ಆರ್ (ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು) ಐತ್ರಿ, ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಾಗ ಐತಿ, ಅಲ್ಲಿ ಲೈಬ್ರರಿನೂ ಛಲೋ ಐತಿ. ಈಗ ಆ ಬಾವಡಿ ನೀರನ್ನ ಜನ ಹೆಂಗ ಬಳಸ್ತಾರ, ಯಾರ ಕೈಯಾಗ ಐತಿ ಅಂತ ಸಮಾಜದ ಕಡಿಂದ ನೋಡಿದ್ರ ಸಮಾಜ ವಿಜ್ಞಾನದ ಪರಿಷತ್ತು ಐಸಿಎಸ್‌ಎಸ್‌ಆರ್‌ಗೂ ಹಾಕಬಹುದು, ಮೇಜರ್, ಮೈನರ್ ಪ್ರಾಜೆಕ್ಟ್ ಎರಡೂ ಇರತಾವ. ಅಲ್ಲಿ ರೊಕ್ಕ ಕಂತಿನ್ಯಾಗ ಬರತೈತಿ, ಕಡೀ ಕಂತು ರಿಪೋರ್ಟ್ ಒಪ್ಪಿದ ಮ್ಯಾಲ. ಫಾರ್ಸಿ ದಾಖಲೆ ಓದಾವ್ರು ಬೇಕಾಗ್ತಾರ ನಿಮಗ, ಅವ್ರ ಖರ್ಚು ಬಜೆಟ್ಟಿನ್ಯಾಗ ಮೊದಲ ಹಾಕ್ರಿ.

ದುರ್ಗದ_ಕೆಮಿಸ್ಟ್ರಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಟೇರ್‌ಗೇ ತಯಾರಿ ಮಾಡ್ತೀನಿ, ಮೊದಲು ನಮ್ಮ ಹುಡುಗರನ್ನ ಕರ್ಕೊಂಡು ನಾಲ್ಕು ಊರಿನ ಸ್ಯಾಂಪಲ್ ತಗೋತೀನಿ. ಒಂದು ಅನುಮಾನ ಉಳೀತು. ನಮಗೆ ಕೌನ್ಸೆಲಿಂಗಲ್ಲಿ ವರ್ಗಾವಣೆ ಆಗುತ್ತೆ. ಪ್ರಾಜೆಕ್ಟ್ ನಡುವೆ ನನ್ನನ್ನ ಬೀದರಿಗೋ ಕೊಡಗಿಗೋ ಹಾಕಿದ್ರೆ ಏನ್ ಮಾಡೋದು? ಅರ್ಜಿ ಜೊತೆ ಕಾಲೇಜು ಕೊಡೋ ಎಂಡಾರ್ಸ್‌ಮೆಂಟ್ ಲೆಟರಲ್ಲಿ ಇದಕ್ಕೆ ಏನಾದ್ರೂ ಬರೆಸ್ಬೇಕಾ?

ಲೆಕ್ಕಪತ್ರ_ಮೈಸೂರು:

ಟೇರ್ ನಿಮ್ಮ ಹೆಸರಲ್ಲಿ ಬರೋದು, ಕಾಲೇಜು ಬದಲಾದ್ರೆ ಕೊಟ್ಟ ಏಜೆನ್ಸಿಗೆ ಬರ್ದು ಅವರ ಒಪ್ಪಿಗೆ ತಗೊಂಡೇ ಮುಂದುವರೀಬೇಕು. ಹಳೇ ಕಾಲೇಜಿಂದ ಎನ್‌ಒಸಿ, ಹೊಸ ಕಾಲೇಜಿಂದ ಒಪ್ಪಿಗೆ ಪತ್ರ, ಅಲ್ಲಿತನಕದ ಯುಸಿ, ಈ ಮೂರೂ ಕೇಳ್ತಾರೆ. ಉಪಕರಣ ಕಾಲೇಜಿನ ಸ್ಟಾಕ್‌ಗೆ ಏರಿರುತ್ತೆ, ನೀವು ಎತ್ಕೊಂಡ್ ಹೋಗೋಕಾಗಲ್ಲ, ಏಜೆನ್ಸಿ ಬರಹದಲ್ಲಿ ಹೇಳಿದ್ರೆ ಮಾತ್ರ. ಬೇರೆ ಸ್ಕೀಮಿಗೆ ಹಾಕೋದಾದ್ರೆ ಅದೇ ಡಿಪಾರ್ಟ್‌ಮೆಂಟಿನ ಒಬ್ರನ್ನ ಕೋ-ಪಿಐ (ಪ್ರಾಜೆಕ್ಟಿನ ಜೊತೆ ಸಂಶೋಧಕ) ಮಾಡ್ಕೊಳ್ಳಿ, ನೀವು ಹೋದ್ರೂ ಮೀಟರ್ ಧೂಳು ತಿನ್ನಲ್ಲ.

ಎಂಡಾರ್ಸ್‌ಮೆಂಟ್ ಲೆಟರ್‌ಗೆ ಏಜೆನ್ಸಿಯವರ ಫಾರ್ಮ್ಯಾಟೇ ಇರುತ್ತೆ, ಅದರಲ್ಲಿ ಒಂದಕ್ಷರ ಬದಲಾಯಿಸ್ಬೇಡಿ, ಕಾಲೇಜ್ ಲೆಟರ್‌ಹೆಡ್‌ನಲ್ಲೇ ಪ್ರಿಂಟ್ ತೆಗೀರಿ. ವರ್ಗಾವಣೆ ವಿಷಯ ಅದರಲ್ಲಿ ಬೇಡ, ಬೇರೆ ಪತ್ರದಲ್ಲಿ ಪ್ರಿನ್ಸಿಪಾಲ್ರ ಮೂಲಕ ಇಲಾಖೆಗೆ ಬರೀರಿ, ಇಂಥ ಯೋಜನೆಗೆ ಅರ್ಜಿ ಹಾಕ್ತಿದೀನಿ, ಅವಧಿ ಇಷ್ಟು, ಅನುಮತಿ ಕೊಡಿ ಅಂತ. ಅದರ ಇನ್‌ವರ್ಡ್ ನಂಬರ್ ಹಾಕಿಸಿದ ಕಾಪಿ ನಿಮ್ಮ ಹತ್ರ ಇರ್ಲಿ. ಜೊತೆಗೆ ಕಾಲೇಜಿಗೆ ಯುಜಿಸಿ ಮಾನ್ಯತೆ ಕೊಟ್ಟ 2(ಎಫ್), 12(ಬಿ) ಪತ್ರ ಆಫೀಸಲ್ಲಿ ಹುಡುಕ್ಸಿ ಸ್ಕ್ಯಾನ್ ಮಾಡಿಟ್ಕೊಳ್ಳಿ, ಯುಜಿಸಿದು ಯಾವುದಕ್ಕೆ ಹಾಕಿದ್ರೂ ಕೇಳ್ತಾರೆ. ನ್ಯಾಕ್ ಫೈಲಲ್ಲಿ ಒಂದು ಕಾಪಿ ಇದ್ದೇ ಇರುತ್ತೆ, ಅಲ್ಲಿ ನೋಡಿ.