ಸಹಾಯ ಬೇಕು: ಬೆಳಗಿನ ಸಕ್ಕರೆ ಇಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ನನಗೆ 52 ವರ್ಷ, ನನ್ನ ಸಕ್ಕರೆ ಕಾಯಿಲೆಗೆ 11. ಮಾತ್ರೆಯ ಜೊತೆಗೆ ರಾತ್ರಿ ಇನ್ಸುಲಿನ್ ಇದೆ. ಆದರೂ ಮೂರು ವಾರದಿಂದ ಖಾಲಿ ಹೊಟ್ಟೆಯ ಸಕ್ಕರೆ 200ರಿಂದ ಕೆಳಗೆ ಬಂದಿಲ್ಲ. ಕಡುಬು ಬಿಟ್ಟೆ, ಹಲಸಿನ ಹಣ್ಣಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಮಲೆನಾಡಿನವರಿಗೆ ಇದು ಸಣ್ಣ ತ್ಯಾಗವಲ್ಲ!

ರಾತ್ರಿ ಮೂರಕ್ಕೂ ಪರೀಕ್ಷಿಸಿ ಎಂದರು ವೈದ್ಯರು. ಆಗ ಸಕ್ಕರೆ ಕುಸಿದಿದ್ದರೆ ಇನ್ಸುಲಿನ್ ಪ್ರಮಾಣ ನೋಡಬೇಕು, ಇಲ್ಲದಿದ್ದರೆ ಬೆಳಗಿನ ಜಾವದ ಹಾರ್ಮೋನುಗಳ ಕಾಟವಿರಬಹುದು ಎಂದರು. ಮಳೆಗೆ ಕರೆಂಟಿಲ್ಲ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬೆರಳು ಚುಚ್ಚಿದೆ: 168. ಆರಕ್ಕೆ ನೋಡಿದರೆ 214.

ಇನ್ನೊಂದು ಅನುಮಾನವೂ ಇದೆ. ಹೊಟ್ಟೆಯ ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ನೆಲ್ಲಿಕಾಯಿಯಷ್ಟು ಗಂಟು ಕಟ್ಟಿತ್ತು. ಅಲ್ಲಿಂದ ಔಷಧಿ ಸರಿಯಾಗಿ ದೇಹಕ್ಕೆ ಸೇರುವುದಿಲ್ಲವಂತೆ. ನಾಲ್ಕು ದಿನದಿಂದ ತೊಡೆಗೆ ಬದಲಿಸಿದ್ದೇನೆ. ಹೀಗೆ ಜಾಗ ಬದಲಿಸಿದವರಿಗೆ ಎಷ್ಟು ದಿನದಲ್ಲಿ ವ್ಯತ್ಯಾಸ ಕಂಡಿತು? ಶಿವಮೊಗ್ಗದಲ್ಲಿ ಹಾರ್ಮೋನು ತಜ್ಞರು ಯಾರಾದರೂ ಗೊತ್ತಿದ್ದರೆ, ಯಾವ ವಾರ ಸಿಗುತ್ತಾರೆಂದೂ ತಿಳಿಸಿ. ಹಾಗಲಕಾಯಿ ರಸ, ಅಮೃತಬಳ್ಳಿ ಎಲ್ಲವೂ ಆಗಿದೆ. ದಯವಿಟ್ಟು ಅದನ್ನೇ ಮತ್ತೆ ಹೇಳಬೇಡಿ.