ಟಿ ಕೋಶಕ್ಕೆ ಕೊಬ್ಬು ಕಾಣುತ್ತಾ? ನಮ್ಮ ಬ್ಯಾಚ್ ಗುಂಪಿನ ಜಗಳ

ರಾಘು: (ಫಾರ್ವರ್ಡ್) ಟಿ ಕೋಶಗಳು (ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಕೊಬ್ಬನ್ನೂ ಗುರುತಿಸುತ್ತವೆ! ಆದ್ದರಿಂದ ಕೊಬ್ಬು ಹೆಚ್ಚು ತಿಂದಷ್ಟೂ ರೋಗನಿರೋಧಕ ಶಕ್ತಿ ಹೆಚ್ಚು. ಎಲ್ಲರಿಗೂ ಕಳಿಸಿ.

ಮಂಜುಳಾ: ಮೊದಲನೇ ಸಾಲೇ ತಪ್ಪು. ಟಿ ಕೋಶ ನೋಡೋದು ಪ್ರೋಟೀನ್ ತುಣುಕನ್ನ, ಅದೂ ಕೋಶಗಳ ಮೇಲಿರೋ ಎಂಎಚ್‌ಸಿ ಅನ್ನೋ ಪ್ರೋಟೀನ್ ಹಿಡಿದು ತೋರಿಸಿದ್ರೆ. ಡಿಲೀಟ್ ಮಾಡೋ.

ಸುಧಾ: ಮಂಜು, ಮೊದಲನೇ ಸಾಲು ಸರಿಯಾಗೇ ಇದೆ. ಸುಳ್ಳು ಇರೋದು ಎರಡನೇದ್ರಲ್ಲಿ. ಎಂಎಚ್‌ಸಿ ಥರಾನೇ ಸಿಡಿ1 ಅಂತ ಇನ್ನೊಂದು ಪ್ರೋಟೀನ್ ಕುಟುಂಬ ಇದೆ, ಅದು ಹಿಡಿಯೋದೇ ಲಿಪಿಡ್‌ನ, ಅಂದ್ರೆ ಕೊಬ್ಬಿನ ಜಾತಿಯ ವಸ್ತುನ. ಕ್ಷಯದ ಬ್ಯಾಕ್ಟೀರಿಯಾದ ಮೈಕೋಲಿಕ್ ಆಮ್ಲ ಅನ್ನೋ ಲಿಪಿಡನ್ನ ಈ ಕುಟುಂಬದ ಸಿಡಿ1ಬಿ ಟಿ ಕೋಶಕ್ಕೆ ತೋರಿಸುತ್ತೆ ಅಂತ 1994ರಲ್ಲೇ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಬಂದಿದೆ.

ಮಂಜುಳಾ: ಲಿಪಿಡ್ ನೀರಲ್ಲಿ ಕರಗೋದೇ ಇಲ್ಲ. ಕೋಶದ ಹೊರಗೆ ಬಂದು ಟಿ ಕೋಶಕ್ಕೆ ಮುಖ ತೋರಿಸೋದು ಹೇಗೆ?

ಸುಧಾ: ಕರಗದೇ ಇರೋದ್ರಿಂದಲೇ ಅದು ಅಲ್ಲಿ ನಿಲ್ಲುತ್ತೆ. ಅದೇ ಕುಟುಂಬದ, ಇಲಿಯ ಸಿಡಿ1ಡಿ ರಚನೆ 1997ರಲ್ಲಿ ಗೊತ್ತಾಯ್ತು. ಎಂಎಚ್‌ಸಿಗಿಂತ ಆಳವಾದ, ಇಕ್ಕಟ್ಟಾದ ಗುಳಿ, ಅದರ ಗೋಡೆ ತುಂಬಾ ನೀರಿಗೆ ಒಗ್ಗದ ಅಮೈನೊ ಆಮ್ಲಗಳು. ಲಿಪಿಡ್‌ನ ಉದ್ದ ಬಾಲ ಗುಳಿಯೊಳಗೆ ಹುದುಗುತ್ತೆ, ಸಕ್ಕರೆಯೋ ಫಾಸ್ಫೇಟೋ ಇರೋ ತಲೆ ಹೊರಗೆ ಉಳಿಯುತ್ತೆ. ಸಾಮಾನ್ಯವಾಗಿ ಟಿ ಕೋಶದ ಗ್ರಾಹಕ ಮುಟ್ಟಿ ನೋಡೋದು ಆ ತಲೆಯನ್ನ, ಜೊತೆಗೆ ಸಿಡಿ1ರ ಅಂಚನ್ನ. ಮೈಕೋಲಿಕ್ ಆಮ್ಲ ಅಂದ್ರೆ 60ರಿಂದ 90 ಇಂಗಾಲದ ಉದ್ದ, ಅದಕ್ಕೆ ಸಿಡಿ1ಬಿಯಲ್ಲಿ ಗುಳಿಗಳನ್ನ ಜೋಡಿಸೋ ಸುರಂಗಾನೇ ಇದೆ. ಕೋಶದೊಳಗಿನ ಲೈಸೋಸೋಮ್ ಅನ್ನೋ ಚೀಲದಲ್ಲಿ ಸಪೋಸಿನ್ ಅನ್ನೋ ಪ್ರೋಟೀನ್‌ಗಳು ಪೊರೆಯಿಂದ ಲಿಪಿಡ್ ಕಿತ್ತು ಅದರೊಳಗೆ ತುಂಬಿಸುತ್ತವೆ. ನಂಗಂತೂ ಇದು ಓದಿದಷ್ಟೂ ಬೆರಗು.

ಇಮ್ರಾನ್: ನಂಗೆ ಇದಕ್ಕಿಂತ ಮುಖ್ಯ ಅನ್ಸೋದು ಇನ್ನೊಂದು. ಎಂಎಚ್‌ಸಿ ಒಬ್ಬೊಬ್ಬರಲ್ಲಿ ಒಂದೊಂದು ಥರ. ಸಿಡಿ1 ಹೆಚ್ಚುಕಮ್ಮಿ ಎಲ್ಲರಲ್ಲೂ ಒಂದೇ. ಸರಿಯಾದ ಲಿಪಿಡ್ ಸಿಕ್ಕಿದ್ರೆ ಒಂದೇ ಲಸಿಕೆ ಎಲ್ಲರಿಗೂ ಕೆಲಸ ಮಾಡಬಹುದು.

ಮಂಜುಳಾ: 1994ರಿಂದ ಇಷ್ಟು ವರ್ಷ ಆಯ್ತಲ್ಲ, ಎಲ್ಲಿ ಆ ಲಸಿಕೆ? ಟೆಸ್ಟ್ ಟ್ಯೂಬ್‌ನಲ್ಲಿ ಆಗಿದ್ದೆಲ್ಲ ದೇಹದಲ್ಲಿ ಆಗಲ್ಲ.

ಸುಧಾ: ಕೇಳಬೇಕಾದ ಪ್ರಶ್ನೇನೇ ಅದು. ಒಂದು ದೊಡ್ಡ ಕಾರಣ ಇಲಿ. ನಮ್ಮಲ್ಲಿ ಸಿಡಿ1ಎ, ಬಿ, ಸಿ, ಡಿ, ಇ ಐದೂ ಇವೆ, ಇಲಿಯಲ್ಲಿ ಬರೀ ಡಿ. ಲಸಿಕೆಯನ್ನ ಮೊದಲು ಪರೀಕ್ಷೆ ಮಾಡೋ ಪ್ರಾಣಿಯಲ್ಲೇ ಸಿಡಿ1ಬಿ ಇಲ್ಲ ಅಂದ್ಮೇಲೆ ಕ್ಷಯದ ಲಿಪಿಡ್ ಕೆಲಸ ಮಾಡುತ್ತಾ ಅಂತ ಹೇಗೆ ನೋಡ್ತೀಯ? ಗಿನಿಪಿಗ್ ಬೇಕು, ಇಲ್ಲಾ ಮನುಷ್ಯನ ಸಿಡಿ1 ಜೀನ್ ಸೇರಿಸಿದ ಇಲಿ ಬೇಕು. ಅದೇ ಡಿ ಇಲಿಯಲ್ಲೂ ಇರೋದ್ರಿಂದ ಅದು ತೋರಿಸೋ ಲಿಪಿಡ್ ನೋಡೋ ಎನ್‌ಕೆಟಿ ಅನ್ನೋ ಟಿ ಕೋಶಗಳ ವಿಷಯ ಬೇಗ ಮುಂದೆ ಹೋಯ್ತು. ಸಮುದ್ರದ ಸ್ಪಂಜಿನಿಂದ ಶುರುವಾದ ಆಲ್ಫಾ-ಗ್ಯಾಲಕ್ಟೊಸಿಲ್‌ಸೆರಮೈಡ್ ಅನ್ನೋ ಲಿಪಿಡ್ ಕೊಟ್ರೆ, ಇಲಿಯ ದೇಹದಲ್ಲೇ ಕೆಲವೇ ಗಂಟೆಗಳಲ್ಲಿ ಅವು ಸೈಟೊಕೈನ್ ಅನ್ನೋ ಸಂದೇಶ ಪ್ರೋಟೀನ್‌ಗಳನ್ನ ಸುರಿಸುತ್ತವೆ. ಇದು ಟೆಸ್ಟ್ ಟ್ಯೂಬ್ ಮಾತಲ್ಲ.

ರಾಘು: ಹಾಗಾದ್ರೆ ಕೊಬ್ಬು ತಿಂದ್ರೆ?

ಸುಧಾ: ಇಲ್ಲ ರಾಘು. ತಿಂದ ಕೊಬ್ಬು ಜೀರ್ಣ ಆಗಿ ಒಡೆದು ಹೋಗುತ್ತೆ, ಮೈಕೋಲಿಕ್ ಆಮ್ಲ ಊಟದಲ್ಲಿ ಬರೋದೂ ಅಲ್ಲ. ಸಿಡಿ1ರ ಗುಳಿ ಖಾಲಿ ಕೂತು ನಮ್ಮ ತಟ್ಟೆ ಕಾಯ್ತಾ ಇರಲ್ಲ, ನಮ್ಮದೇ ಕೋಶಗಳ ಲಿಪಿಡ್ ಅಲ್ಲಿ ಮೊದಲೇ ತುಂಬಿರುತ್ತೆ. ಈ ಮೆಸೇಜ್ ನಂಬಿ ಯಾರಾದ್ರೂ ಹೃದಯ ಕೆಡಿಸಿಕೊಂಡ್ರೆ? ದಯವಿಟ್ಟು ತೆಗಿ.

ರಾಘು: ತೆಗೆದೆ. ಇನ್ನೆರಡು ಗುಂಪಿಗೂ ಹಾಕಿದ್ದೆ, ಅಲ್ಲೂ ತೆಗೀತೀನಿ.

ಮಂಜುಳಾ: ಲಿಪಿಡ್ ಕಾಣುತ್ತೆ ಅನ್ನೋದನ್ನ ಒಪ್ಪಿದೆ. ಲಸಿಕೆ ಆಗುತ್ತೆ ಅನ್ನೋದನ್ನ ಇನ್ನೂ ಒಪ್ಪಿಲ್ಲ. ಸುಧಾ, ಗಿನಿಪಿಗ್ ಫಲಿತಾಂಶ ಇರೋ ಪೇಪರ್ ಇದ್ರೆ ಕಳಿಸು.