ಮಿನಿಮಲ್ ಆಪರೇಟಿಂಗ್ ಸಿಸ್ಟಂ: ‘ಕನಿಷ್ಠ’ ಸರಿಯೇ, ‘ಸವರಿದ’ ಆಗಬಹುದೇ?

ಎಲ್ಲರಿಗೂ ನಮಸ್ಕಾರ.

ಮಂಡ್ಯದ ಹೈಸ್ಕೂಲ್ ಮಕ್ಕಳಿಗಾಗಿ ಹಳೇ ಕಂಪ್ಯೂಟರುಗಳನ್ನು ಮತ್ತೆ ಬಳಕೆಗೆ ತರುವ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಅಧ್ಯಾಯ ಪುಟ್ಟ ಲಿನಕ್ಸ್‌ಗಳದ್ದು (ಲಿನಕ್ಸ್ ಅಂದರೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ). ಫ್ಲಾಪಿ, ಸಣ್ಣ ಸಿ.ಡಿ., ಹಳೇ ಪೆನ್‌ಡ್ರೈವ್, ಇಷ್ಟರಲ್ಲೇ ಹಿಡಿದು ಬೂಟ್ ಆಗುವಂಥವು, ಅಂದರೆ ಕಂಪ್ಯೂಟರನ್ನು ಚಾಲೂ ಮಾಡುವಂಥವು. ಇವನ್ನು ಮಿನಿಮಲ್ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋಣ?

‘ಕನಿಷ್ಠ’ ನನಗೆ ಒಗ್ಗುತ್ತಿಲ್ಲ. ಕನಿಷ್ಠ ಕೂಲಿ, ಕನಿಷ್ಠ ಅಂಕ ಅಂದಾಗ ‘ಇದಕ್ಕಿಂತ ಕಮ್ಮಿ ಆಗಬಾರದು’ ಅಂತ ಅರ್ಥ. ಇಲ್ಲಿ ಬೇಕಿರುವುದು ‘ಇದಕ್ಕಿಂತ ಜಾಸ್ತಿ ಆಗಬಾರದು’ ಅನ್ನುವುದು. ಪೂರಾ ಉಲ್ಟಾ, ಅಲ್ವಾ?

ಆ ಮಿತಿ ಎಷ್ಟು ಗಟ್ಟಿ ಅಂತ ಫ್ಲಾಪಿಯಲ್ಲೇ ನೋಡಬಹುದು. 2 ಮುಖ, ಒಂದೊಂದರಲ್ಲಿ 80 ಟ್ರ್ಯಾಕ್ (ಉಂಗುರದಂಥ ಪಟ್ಟಿ), ಟ್ರ್ಯಾಕಿಗೆ 18 ಸೆಕ್ಟರ್ (ಆ ಪಟ್ಟಿಯ ತುಂಡು), ಸೆಕ್ಟರಿಗೆ 512 ಬೈಟ್. ಒಟ್ಟು 14,74,560 ಬೈಟ್. ನಾವು 1.44 ಎಂ.ಬಿ. ಅನ್ನುವುದು ಇದನ್ನೇ. ಟಾಮ್ಸ್‌ಆರ್‌ಟಿಬಿಟಿ ಎಂಬ ಲಿನಕ್ಸ್ ಅದೇ ಫ್ಲಾಪಿಯನ್ನು ಬೇರೆ ಥರ ಫಾರ್ಮ್ಯಾಟ್ ಮಾಡಿ 1.722 ಎಂ.ಬಿ. ತನಕ ಎಳೆದಿತ್ತು. ಡ್ಯಾಮ್ ಸ್ಮಾಲ್ ಲಿನಕ್ಸ್ ವಿಸಿಟಿಂಗ್ ಕಾರ್ಡ್ ಅಳತೆಯ ಸಿ.ಡಿ.ಗೆ ಅಂತ 50 ಎಂ.ಬಿ. ಗೆರೆ ಹಾಕಿಕೊಂಡಿತ್ತು.

ಅಷ್ಟರೊಳಗೆ ಹಿಡಿಸುವುದಕ್ಕೆ ಮಾಡುವ ಕೆಲಸ ಒಂದೇ ಥರದ್ದಲ್ಲ. ನಾವು ಎಲ್ಲಕ್ಕೂ ಸುಮ್ನೆ ‘ಚಿಕ್ಕದು ಮಾಡು’ ಅಂದುಬಿಡುತ್ತೇವೆ. ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿ, ಬೇಡದ ಡ್ರೈವರುಗಳನ್ನು (ಯಂತ್ರದ ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಮುಗಳನ್ನು) ಕೈಬಿಡುವುದು ಒಂದು. ಸ್ಟ್ರಿಪ್ ಕಮಾಂಡೂ ಇದೇ ಜಾತಿ. ದೋಷ ಹುಡುಕುವವರಿಗೆ ಬೇಕಾಗುವ, ಒಳಭಾಗಗಳ ಹೆಸರುಗಳ ಪಟ್ಟಿಯನ್ನು ಅದು ಪ್ರೋಗ್ರಾಮಿನಿಂದ ತೆಗೆದುಹಾಕುತ್ತದೆ. ಪ್ರೋಗ್ರಾಂ ಮೊದಲಿನಂತೆಯೇ ಓಡುತ್ತದೆ. ಇದಕ್ಕೆ ‘ಸವರು’ ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅನಿಸಿಕೆ. ನಮ್ಮ ಕಡೆ ಬೇಲಿ ಸವರುತ್ತಾರೆ, ಕೊಂಬೆ ಸವರುತ್ತಾರೆ. ಬುಡ ಉಳಿಯುತ್ತದೆ, ಬೇಡದ್ದು ಹೋಗುತ್ತದೆ.

ಕಂಪ್ರೆಸ್ ಮಾಡುವುದು ಬೇರೆ. ಅಲ್ಲಿ ಏನೂ ಹೋಗುವುದಿಲ್ಲ. ಕರ್ನಲ್ಲೂ ಅದರ ಜೊತೆಯ ಇನಿಟ್‌ರಾಮ್‌ಎಫ್‌ಎಸ್ಸೂ (ಬೂಟ್ ಶುರುವಾಗುವುದಕ್ಕೆ ಬೇಕಾದ ಫೈಲುಗಳ ಕಟ್ಟು) ಬೂಟ್ ಆಗುವಾಗ ರ‍್ಯಾಮ್‌ನಲ್ಲಿ ಬಿಚ್ಚಿಕೊಂಡು ಪೂರ್ತಿ ಗಾತ್ರಕ್ಕೆ ಬರುತ್ತವೆ. ಡಿಸ್ಕಿನಲ್ಲಿ ಚಿಕ್ಕದು ಅಂದಮಾತ್ರಕ್ಕೆ ರ‍್ಯಾಮ್ ಕಮ್ಮಿ ಸಾಕು ಅಂತ ಮಕ್ಕಳು ತಿಳಿಯಬಾರದು. ಅದಕ್ಕೇ ಇವೆರಡಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕೇ ಬೇಕು. ಕಂಪ್ರೆಸ್‌ಗೆ ‘ಅದುಮು’ ಅಂತ ಬರೆದಿದ್ದೇನೆ. ‘ಅಡಕ’ ಬಿಟ್ಟಿದ್ದು ಯಾಕೆಂದರೆ ಸಿ.ಡಿ.ಯನ್ನೇ ಅಡಕಮುದ್ರಿಕೆ ಅನ್ನುವವರಿದ್ದಾರೆ, ಒಂದೇ ಪುಟದಲ್ಲಿ ಎರಡೂ ಬಂದರೆ ಗೊಂದಲ.

ಈಗ ನನ್ನ ಪ್ರಶ್ನೆಗಳು. ಮೈಸೂರಿನ ಗೆಳೆಯರೊಬ್ಬರು ‘ಸವರು’ ಅಂದರೆ ಎಣ್ಣೆ ಸವರೋದು, ತಲೆ ಸವರೋದು ಮಾತ್ರ ನೆನಪಾಗುತ್ತದೆ ಅಂದರು. ಧಾರವಾಡ, ಮಂಗಳೂರು ಕಡೆಯವರಿಗೆ ‘ಸವರಿದ ಲಿನಕ್ಸ್’ ಅಂದರೆ ಏನು ಹೊಳೆಯುತ್ತದೆ? ಕತ್ತರಿಸುವ ಅರ್ಥ ನಿಮ್ಮಲ್ಲಿ ಬಳಕೆಯಲ್ಲಿದೆಯೇ?

ಇನ್ನೊಂದು, ಬ್ಯುಸಿಬಾಕ್ಸ್ ಎಂಬ ಪ್ರೋಗ್ರಾಂ ಮಾಡುವ ಕೆಲಸ. ಬ್ರೂಸ್ ಪೆರೆನ್ಸ್ 1995ರಲ್ಲಿ ಡೆಬಿಯನ್ ಎಂಬ ಲಿನಕ್ಸ್‌ನ ಬೂಟ್ ಫ್ಲಾಪಿಗಾಗಿ ಬರೆದದ್ದು. ಎಲ್‌ಎಸ್, ಸಿಪಿ, ಮೌಂಟ್ ಮುಂತಾದ ಕಮಾಂಡುಗಳೆಲ್ಲ ಒಂದೇ ಫೈಲಿನಲ್ಲಿ. ಯಾವ ಹೆಸರಿನಿಂದ ಕರೆದರೋ ಆ ಕೆಲಸ ಮಾಡುತ್ತದೆ. ಎಲ್ಲಕ್ಕೂ ಬೇಕಾದ ಕೋಡ್ ಒಂದೇ ಸಲ ಇದ್ದರೆ ಸಾಕು, ಜಾಗ ಉಳಿಯಿತು. ಇದು ಸವರಿದ್ದೂ ಅಲ್ಲ, ಅದುಮಿದ್ದೂ ಅಲ್ಲ. ಇದಕ್ಕೊಂದು ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಬೂಟ್ ಅನ್ನು ಬೂಟ್ ಅಂತಲೇ ಇಟ್ಟಿದ್ದೇನೆ, ಅದು ಮಕ್ಕಳ ಬಾಯಲ್ಲಿ ಆಗಲೇ ಇದೆ.